ಜಕೂಝಿಯ ನೀರು ಬದಲಿಸಿದ್ದು ಯಾವಾಗ?

1999ರ ಫೆಬ್ರುವರಿಯಲ್ಲಿ ನೆದರ್‌ಲೆಂಡ್ಸ್‌ನ ಬೊವೆನ್‌ಕಾರ್‌ಸ್ಪೆಲ್ ಎಂಬ ಊರಿನಲ್ಲಿ ದೊಡ್ಡದೊಂದು ಫಲಪುಷ್ಪ ಪ್ರದರ್ಶನ ನಡೆಯಿತು. ಟುಲಿಪ್ ನೋಡಲು ಸಾವಿರಗಟ್ಟಲೆ ಜನ ಬಂದರು. ನಮ್ಮ ಲಾಲ್‌ಬಾಗ್ ಪ್ರದರ್ಶನದ ಆಚೀಚೆ ಮಿಕ್ಸಿ, ಸೋಫಾ, ಮಸಾಜ್ ಯಂತ್ರ ಮಾರುವವರು ಸೇರಿಕೊಳ್ಳುವ ಹಾಗೆ ಅಲ್ಲಿಯೂ ಗೃಹೋಪಯೋಗಿ ವಸ್ತುಗಳ ಮಳಿಗೆಗಳಿದ್ದವು. ಒಂದರಲ್ಲಿ ಬಿಸಿನೀರಿನ ತೊಟ್ಟಿಯೊಂದು ಗುಳ್ಳೆ ಎಬ್ಬಿಸುತ್ತಾ ಕೂತಿತ್ತು. ಮಾರಾಟದ ಮಾದರಿ ಅದು, ಸ್ನಾನಕ್ಕಿಟ್ಟದ್ದಲ್ಲ. ಜನ ನಿಂತರು, ನೋಡಿದರು, ಬೆಲೆ ಕೇಳಿದರು, ಮುಂದೆ ಹೋದರು. ಕೆಲವು ದಿನಗಳಲ್ಲಿ ಒಬ್ಬೊಬ್ಬರಾಗಿ ನ್ಯುಮೋನಿಯಾ ಎಂದು ಆಸ್ಪತ್ರೆ ಸೇರತೊಡಗಿದರು. ಕಾಯಿಲೆ ಬಿದ್ದವರು ಇನ್ನೂರರ ಹತ್ತಿರ. ಸತ್ತವರು ಇಪ್ಪತ್ತಕ್ಕೂ ಹೆಚ್ಚು.

ತೊಟ್ಟಿಗೆ ಕಾಲಿಡದೆ, ಬರೀ ಪಕ್ಕದಲ್ಲಿ ಹಾದುಹೋದವರು ಅವರು.

ಎಲ್ಲೋ ಒಮ್ಮೆ ಆದ ಅಪರೂಪದ ಅವಘಡ ಎಂದು ಇದನ್ನು ತಳ್ಳಿಹಾಕುವಂತಿಲ್ಲ. 2012ರಲ್ಲಿ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ನಗರದ ಸಗಟು ಮಳಿಗೆಯೊಂದರಲ್ಲಿ ಪ್ರದರ್ಶನಕ್ಕಿಟ್ಟ ಇಂಥದ್ದೇ ತೊಟ್ಟಿಯಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಇಬ್ಬರು ಸತ್ತರು. ಐದು ವರ್ಷಗಳ ನಂತರ ನ್ಯಾಯಾಲಯ ಆ ಕಂಪನಿಗೆ ಹತ್ತು ಲಕ್ಷ ಪೌಂಡ್ ದಂಡ ಹಾಕಿತು. 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಜಾತ್ರೆಯೊಂದರಲ್ಲಿ ಅದೇ ಕತೆ: 130ಕ್ಕೂ ಹೆಚ್ಚು ರೋಗಿಗಳು, ನಾಲ್ಕು ಸಾವು. ಪಕ್ಕದಲ್ಲಿ ನಡೆದುಹೋದವರ ಪಾಡೇ ಹೀಗಾದರೆ, ರಜೆಯ ಸಂಜೆ ಆ ನೀರಿನೊಳಗೆ ಕತ್ತಿನವರೆಗೆ ಮುಳುಗಿ ಅರ್ಧ ಗಂಟೆ ಕೂರುವವರ ಪಾಡೇನು?

ಪ್ರಶ್ನೆ ಈಗ ದೂರದ್ದಲ್ಲ. ಚಿಕ್ಕಮಗಳೂರು, ಕೊಡಗು, ಸಕಲೇಶಪುರ, ದಾಂಡೇಲಿ, ಯಾವ ಕಡೆಯ ರೆಸಾರ್ಟ್ ಹುಡುಕಿದರೂ ಮೊದಲು ಕಣ್ಣಿಗೆ ಬೀಳುವುದು ಹಸಿರು ಕಣಿವೆಗೆ ಮುಖ ಮಾಡಿದ, ಹಬೆಯಾಡುವ ಜಕೂಝಿಯ ಫೋಟೊ. ‘ಪ್ರೈವೇಟ್ ಜಕೂಝಿ’ ಇದ್ದರೆ ರೂಮಿನ ಬಾಡಿಗೆ ಮೇಲಕ್ಕೇರುತ್ತದೆ. ನಾಲ್ಕು ರೂಮಿನ ಹೋಮ್‌ಸ್ಟೇಗಳೂ ಒಂದು ತೊಟ್ಟಿ ಕೂರಿಸಿಕೊಂಡಿವೆ. ತೊಟ್ಟಿ ಬಂದಷ್ಟು ಸಲೀಸಾಗಿ ಅದನ್ನು ನೋಡಿಕೊಳ್ಳುವ ತಿಳಿವಳಿಕೆ ಬಂದಿದೆಯೇ ಎಂದು ಅನುಮಾನಪಡಲು ಕಾರಣಗಳಿವೆ.

ಜಕೂಝಿ ಎಂಬುದು ವಾಸ್ತವವಾಗಿ ಒಂದು ಮನೆತನದ ಹೆಸರು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಅಣ್ಣತಮ್ಮಂದಿರು ಮೊದಲು ವಿಮಾನದ ಪ್ರೊಪೆಲರ್, ಆಮೇಲೆ ನೀರಿನ ಪಂಪು ಮಾಡಿ ಬದುಕಿದವರು. ಅವರಲ್ಲಿ ಕ್ಯಾಂಡಿಡೊ ಎಂಬಾತನ ಮಗನಿಗೆ ಎಳವೆಯಲ್ಲೇ ಕೀಲುವಾತ. ಮಗುವಿನ ನೋವಿಗೆ ಮನೆಯಲ್ಲೇ ನೀರಿನ ಆರೈಕೆ ಸಿಗಲೆಂದು 1950ರ ದಶಕದಲ್ಲಿ ತಂದೆ ಸ್ನಾನದ ತೊಟ್ಟಿಯೊಳಗೆ ಇಳಿಬಿಡುವ ಪಂಪೊಂದನ್ನು ರೂಪಿಸಿದ. ಔಷಧಿಯಾಗಿ ಹುಟ್ಟಿದ್ದು 1968ರ ಹೊತ್ತಿಗೆ ಪಂಪು, ತೊಟ್ಟಿ ಒಂದಾಗಿ ವಿಲಾಸದ ವಸ್ತುವಾಯಿತು. ಈಗ ಯಾವ ಕಂಪನಿಯ ತೊಟ್ಟಿಯಾದರೂ ಜನರ ಬಾಯಲ್ಲಿ ಜಕೂಝಿಯೇ.

ಈ ತೊಟ್ಟಿಯ ಕಷ್ಟ ಅರ್ಥವಾಗಬೇಕಾದರೆ ನಮ್ಮ ಬಚ್ಚಲುಮನೆಯನ್ನು ನೆನಪಿಸಿಕೊಳ್ಳಬೇಕು. ಹಂಡೆಯಲ್ಲಿ ಕಾದ ನೀರನ್ನು ಬಕೆಟ್ಟಿಗೆ ಬಿಟ್ಟು, ಚೊಂಬಿನಲ್ಲಿ ತೋಡಿ ಮೈಮೇಲೆ ಸುರಿದುಕೊಂಡರೆ ಆ ನೀರು ಬಚ್ಚಲ ತೂಬಿನಿಂದ ಹರಿದು ಬಾಳೆಯ ಬುಡ ಸೇರುತ್ತದೆ. ಒಬ್ಬರ ಮೈ ತೊಳೆದ ನೀರು ಇನ್ನೊಬ್ಬರ ಮೈಗೆ ಬರುವುದಿಲ್ಲ. ಜಕೂಝಿಯಲ್ಲಿ ಎಲ್ಲವೂ ತಿರುವುಮುರುವು. ನೀರು ಹರಿದಾಡುತ್ತಿರುವಂತೆ ಕಾಣುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಪಂಪು ಅದನ್ನೇ ಎಳೆದು, ಫಿಲ್ಟರಿನಿಂದ ಹಾಯಿಸಿ, ಮತ್ತೆ ಅದನ್ನೇ ಚಿಮ್ಮಿಸುತ್ತದೆ. ನೊರೆಯ ಅಬ್ಬರ ಎಷ್ಟಿದ್ದರೂ ಅದು ನಿಂತ ನೀರೇ.

ಪ್ರಮಾಣದ ಲೆಕ್ಕವನ್ನೂ ಹಾಕಿ ನೋಡಬಹುದು. ತೊಟ್ಟಿಯೊಂದರಲ್ಲಿ ಸುಮಾರು 1,500 ಲೀಟರ್ ನೀರಿದ್ದು ನಾಲ್ವರು ಕೂತರೆ ತಲೆಗೆ 375 ಲೀಟರ್. ಒಂದು ಲಕ್ಷ ಲೀಟರಿನ ಈಜುಕೊಳ ಇಷ್ಟೇ ಇಕ್ಕಟ್ಟಾಗಬೇಕಾದರೆ ಅದಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಜನ ಇಳಿಯಬೇಕು. ಅಂಥ ಕೊಳಕ್ಕೆ ಯಾರೂ ಇಳಿಯುವುದಿಲ್ಲ. ಜಕೂಝಿಯಲ್ಲಿ ನಾಲ್ವರು ಆರಾಮಾಗಿ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಬಿಸಿಗೆ ಮೈ ಬೆವರುತ್ತದೆ. ಬೆವರು, ಎಣ್ಣೆ, ಕ್ರೀಮು, ಸತ್ತ ಚರ್ಮದ ಪುಡಿ ನೀರಿಗೆ ಇಳಿಯುತ್ತವೆ. ಕ್ಲೋರಿನ್ ಮೊದಲು ಖರ್ಚಾಗುವುದು ಇವುಗಳ ಮೇಲೆ. ಬಿಸಿನೀರಿನಲ್ಲಿ ಅದು ಆರಿಹೋಗುವುದೂ ಬೇಗ, ಗಾಳಿಗುಳ್ಳೆ ಅದನ್ನು ಇನ್ನಷ್ಟು ಬೇಗ ಓಡಿಸುತ್ತದೆ. ಬೆಳಿಗ್ಗೆ ಹಾಕಿದ ಕ್ಲೋರಿನ್ ಸಂಜೆ ಇರುತ್ತದೆಂದು ನಂಬಿ ಕೂರುವಂತಿಲ್ಲ.

ಕ್ಲೋರಿನ್ ಇಳಿದ ಕೂಡಲೇ ತಲೆಯೆತ್ತುವ ಜೀವಿಗಳಲ್ಲಿ ಮುಖ್ಯವಾದದ್ದು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ. ಹೆಸರಿನ ಹಿಂದೆ ಒಂದು ದುರಂತವಿದೆ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಊರಿಗೆ ಮರಳಿದವರು ಜ್ವರ, ಕೆಮ್ಮಿನಿಂದ ಮಲಗಿದರು; ಹೋಟೆಲ್ ಒಳಗಿದ್ದವರು, ಹೊರಗೆ ರಸ್ತೆಯಲ್ಲಿ ಹೋದವರು ಸೇರಿ 34 ಮಂದಿ ಸತ್ತರು. ಕಾರಣ ತಿಳಿಯದೆ ದೇಶವೇ ಗಾಬರಿಗೊಂಡಿದ್ದಾಗ, ಆರು ತಿಂಗಳ ಹುಡುಕಾಟದ ಬಳಿಕ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿಯ ಸೂಕ್ಷ್ಮದರ್ಶಕದಡಿ ಈ ಜೀವಿ ಸಿಕ್ಕಿಬಿತ್ತು. ಕೆರೆ, ಹೊಳೆಯ ನೀರಿನಲ್ಲೂ ಇರುವ ಜೀವಿಯೇ ಇದು, ಆದರೆ ಅಲ್ಲಿ ತನ್ನ ಪಾಡಿಗೆ ಅಲ್ಪಸಂಖ್ಯೆಯಲ್ಲಿರುತ್ತದೆ. ಮನುಷ್ಯ ಕಟ್ಟಿದ ಕೊಳವೆಗಳೊಳಗೆ, 25ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಜಕೂಝಿಯ ನೀರು 40 ಡಿಗ್ರಿ ದಾಟಬಾರದೆಂಬುದು ಮೈಗೆ ಹಿತವಾದ ನಿಯಮ. ಮೈಗೆ ಹಿತವಾದದ್ದು ಲೀಜನೆಲ್ಲಾಕ್ಕೂ ಹಿತವೇ.

ಈ ನೀರು ಕುಡಿದರೆ ಅಪಾಯ ಎಂದು ಹಲವರು ತಿಳಿದಿದ್ದಾರೆ. ಅಸಲಿ ಅಪಾಯ ಉಸಿರಾಟದಲ್ಲಿದೆ. ಗೋಲಿ ಸೋಡಾ ಒಡೆದು ಲೋಟಕ್ಕೆ ಸುರಿದು ಮೂಗಿನ ಹತ್ತಿರ ತಂದಾಗ ಸಣ್ಣ ತುಂತುರು ಮುಖಕ್ಕೆ ಚಿಟಪಟ ಸಿಡಿಯುತ್ತದಲ್ಲ, ಜಕೂಝಿಯ ಮೇಲೂ ಅದೇ ನಡೆಯುತ್ತಿರುತ್ತದೆ. ಒಂದೊಂದು ಗುಳ್ಳೆ ಒಡೆದಾಗಲೂ ಕಣ್ಣಿಗೆ ಕಾಣದ ಹನಿಗಳು ಮೇಲಕ್ಕೆ ಹಾರುತ್ತವೆ. ನೀರಿನಿಂದ ಗೇಣುದ್ದ ಮೇಲೆ ಕೂತವರ ಮೂಗಿರುತ್ತದೆ. ಹನಿಯ ಜೊತೆ ಬ್ಯಾಕ್ಟೀರಿಯಾ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. 1994ರಲ್ಲಿ ನ್ಯೂಯಾರ್ಕಿನಿಂದ ಬರ್ಮುಡಾಕ್ಕೆ ಓಡಾಡುತ್ತಿದ್ದ ವಿಹಾರ ನೌಕೆಯೊಂದರಲ್ಲಿ 50 ಪ್ರಯಾಣಿಕರಿಗೆ ಈ ರೋಗ ತಗಲಿದಾಗ ತನಿಖೆ ನಡೆಸಿದವರಿಗೆ ಸಿಕ್ಕ ಲೆಕ್ಕ ಹೀಗಿತ್ತು: ತೊಟ್ಟಿಯ ನೀರಿನಲ್ಲಿ ಕೂತ ಪ್ರತಿ ಒಂದು ಗಂಟೆಗೆ ಅಪಾಯ ಶೇ 64ರಷ್ಟು ಏರುತ್ತಿತ್ತು. ನೀರಿಗಿಳಿಯದೆ ಸುತ್ತಮುತ್ತ ಕಾಲ ಕಳೆದವರಿಗೂ ಅಪಾಯ ತಪ್ಪಿರಲಿಲ್ಲ.

‘ನಮ್ಮದು ಪ್ರೈವೇಟ್, ಬೇರೆಯವರು ಬಳಸುವುದಿಲ್ಲ’ ಎಂಬ ಸಮಾಧಾನಕ್ಕೂ ಆಧಾರವಿಲ್ಲ. 2022ರಿಂದ 2024ರ ನಡುವೆ ಎರಡು ವಿಹಾರ ನೌಕೆಗಳಲ್ಲಿ ಒಟ್ಟು 12 ಮಂದಿಗೆ ಲೀಜನೆಲ್ಲಾ ನ್ಯುಮೋನಿಯಾ ಬಂದಾಗ ಬೆರಳು ತೋರಿದ್ದು ದುಬಾರಿ ಕೋಣೆಗಳ ಬಾಲ್ಕನಿಯಲ್ಲಿದ್ದ ಖಾಸಗಿ ತೊಟ್ಟಿಗಳ ಕಡೆಗೆ. ಎಲ್ಲರೂ ಬಳಸುವ ತೊಟ್ಟಿಗಾದರೆ ದಿನವೂ ಕ್ಲೋರಿನ್ ನೋಡುವ ಆಳಿರುತ್ತಾನೆ. ಬಾಲ್ಕನಿಯದ್ದನ್ನು ಕೇಳುವವರಿರಲಿಲ್ಲ.

ಜಪಾನಿನದ್ದು ಇನ್ನೊಂದು ಬಗೆಯ ಪಾಠ. ಬಿಸಿನೀರ ಸ್ನಾನವನ್ನು ಸಂಸ್ಕೃತಿಯಾಗಿಸಿಕೊಂಡ ದೇಶ ಅದು. ತೊಟ್ಟಿಗೆ ಇಳಿಯುವ ಮೊದಲು ಸೋಪು ಹಚ್ಚಿ ಮೈ ತೊಳೆಯದವರನ್ನು ಅಲ್ಲಿ ಯಾರೂ ಸಹಿಸುವುದಿಲ್ಲ. ಆದರೂ 2002ರಲ್ಲಿ ಮಿಯಾಝಾಕಿ ಪ್ರಾಂತ್ಯದ ಹ್ಯೂಗಾದಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಸ್ನಾನಗೃಹವೊಂದರಿಂದ 295 ಮಂದಿ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. 2023ರಲ್ಲಿ ಫುಕುವೊಕಾ ಪ್ರಾಂತ್ಯದ, ನೂರು ವರ್ಷ ದಾಟಿದ ಹೆಸರುವಾಸಿ ವಸತಿಗೃಹವೊಂದರ ಬಣ್ಣ ಬಯಲಾಯಿತು. ವಾರಕ್ಕೊಮ್ಮೆಯಾದರೂ ಬದಲಿಸಬೇಕಿದ್ದ ನೀರನ್ನು ಅವರು ವರ್ಷಕ್ಕೆ ಎರಡೇ ಸಲ ಬದಲಿಸುತ್ತಿದ್ದರು. ಪರೀಕ್ಷೆಯಲ್ಲಿ ಲೀಜನೆಲ್ಲಾ ಮಿತಿಗಿಂತ 3,700 ಪಟ್ಟು ಹೆಚ್ಚಿತ್ತು. ಕ್ಲೋರಿನ್ ವಾಸನೆ ತಮಗೆ ಹಿಡಿಸುತ್ತಿರಲಿಲ್ಲ ಎಂದು ಮುಖ್ಯಸ್ಥರು ಪತ್ರಕರ್ತರೆದುರು ಒಪ್ಪಿಕೊಂಡು ರಾಜೀನಾಮೆ ಕೊಟ್ಟರು.

ವಾಸನೆಯ ವಿಷಯ ಬಂದದ್ದರಿಂದ ಇಲ್ಲೊಂದು ಮಾತು. ಮೂಗಿಗೆ ಘಾಟು ಹೊಡೆದರೆ ‘ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ನೀರು ಶುದ್ಧ’ ಎಂದುಕೊಳ್ಳುವವರು ಬಹಳ. ಬೆವರು, ಮೂತ್ರದ ಅಂಶದೊಂದಿಗೆ ಸೇರಿ ಕ್ಲೋರಿನ್ ಕ್ಲೋರಮೈನ್ ಆದಾಗ ಬರುವ ಘಾಟು ಅದು. ಸರಿಯಾಗಿ ನೋಡಿಕೊಂಡ ತೊಟ್ಟಿಯಲ್ಲಿ ಅಂಥ ವಾಸನೆ ಇರುವುದಿಲ್ಲ. ಕಣ್ಣು ಉರಿಸುವ ನೀರು ಶುಚಿಯಾದ ನೀರಲ್ಲ.

ಲೀಜನೆಲ್ಲಾದಷ್ಟು ಭಯಂಕರವಲ್ಲದ, ಆದರೆ ಅದಕ್ಕಿಂತ ಸಾಮಾನ್ಯವಾದ ತೊಂದರೆ ಚರ್ಮದ್ದು. ರೆಸಾರ್ಟಿನಿಂದ ಮರಳಿದ ಒಂದೆರಡು ದಿನಕ್ಕೆ ಸೊಂಟ, ತೊಡೆ, ಪೃಷ್ಠದ ಮೇಲೆ ತುರಿಸುವ ಕೆಂಪು ಗುಳ್ಳೆಗಳು ಏಳುತ್ತವೆ. ಕೆಲವದರ ತುದಿಯಲ್ಲಿ ಕೀವು. ಸೊಳ್ಳೆಯೋ ಉಣ್ಣೆಯೋ ಕಚ್ಚಿತೆಂದು, ಕಾಡಿನ ಊರಿಗೆ ಹೋದದ್ದರ ಫಲವೆಂದು ಜನ ಅಂದುಕೊಳ್ಳುತ್ತಾರೆ. ಗಮನಿಸಿದರೆ ಗುಳ್ಳೆಗಳು ಈಜುಡುಗೆ ಮುಚ್ಚಿದ ಜಾಗದಲ್ಲೇ ಒತ್ತಾಗಿರುತ್ತವೆ, ಒದ್ದೆ ಬಟ್ಟೆ ನೀರನ್ನು ಚರ್ಮಕ್ಕೆ ಅಂಟಿಸಿ ಹಿಡಿದಿದ್ದರಿಂದ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕೂದಲ ಬುಡಕ್ಕೆ ನುಗ್ಗಿದ ಗುರುತು ಅದು. 1975ರಷ್ಟು ಹಿಂದೆಯೇ ಅಮೆರಿಕದ ಮಿನ್ನೆಸೋಟದ ಮೋಟೆಲ್ ಒಂದರ ತೊಟ್ಟಿಯಲ್ಲಿ ಇದನ್ನು ಗುರುತಿಸಿದ್ದರು. ಆರೋಗ್ಯವಂತರಲ್ಲಿ ವಾರ, ಹತ್ತು ದಿನಕ್ಕೆ ತಾನಾಗಿ ಮಾಯುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ರಜೆಗೂ ಈ ಸೋಂಕುಗಳಿಗೂ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಅಮೆರಿಕದ ಅಂಕಿಅಂಶ ಸಾಕು. 2000ದಿಂದ 2014ರವರೆಗೆ ಅಲ್ಲಿ ಕ್ಲೋರಿನ್ ಹಾಕಿದ ಈಜುಕೊಳ, ತೊಟ್ಟಿ, ನೀರಾಟದ ತಾಣಗಳಿಂದ 493 ಬಾರಿ ರೋಗ ಹಬ್ಬಿತು. 27 ಸಾವಿರಕ್ಕೂ ಹೆಚ್ಚು ಮಂದಿ ಬಳಲಿದರು. ಮೂರರಲ್ಲಿ ಒಂದು ಪ್ರಕರಣ ನಡೆದದ್ದು ಹೋಟೆಲುಗಳಲ್ಲಿ. ನಮ್ಮಲ್ಲಿ ಇಂಥ ಪಟ್ಟಿ ಓದಲು ಸಿಗದಿರುವುದಕ್ಕೆ ನಮ್ಮ ನೀರು ಒಳ್ಳೆಯದೆಂಬುದು ಕಾರಣವಾಗಿರಲಾರದು. ಲೆಕ್ಕ ಇಡಬೇಕಾದರೆ ಮೊದಲು ಹುಡುಕಬೇಕು. ಶನಿವಾರ ಮಡಿಕೇರಿಯಲ್ಲಿ ನೀರಿಗಿಳಿದವರಿಗೆ ಜ್ವರ ಬರುವುದು ಎರಡರಿಂದ ಹದಿನಾಲ್ಕು ದಿನದೊಳಗೆ, ತಮ್ಮ ತಮ್ಮ ಊರಿನ ಮನೆಯಲ್ಲಿ. ಒಬ್ಬರು ಜಯನಗರದ ಡಾಕ್ಟರ ಬಳಿ ಹೋದರೆ ಇನ್ನೊಬ್ಬರು ಹುಬ್ಬಳ್ಳಿಯ ಆಸ್ಪತ್ರೆ ಸೇರುತ್ತಾರೆ. ಎರಡನ್ನೂ ಒಂದೇ ತೊಟ್ಟಿಗೆ ಜೋಡಿಸುವವರು ಯಾರು?

ಯುರೋಪಿನಲ್ಲಿ ಈ ಜೋಡಿಸುವ ಕೆಲಸಕ್ಕೆಂದೇ 1980ರ ದಶಕದಿಂದ ಒಂದು ಜಾಲವಿದೆ. ಯಾವ ದೇಶದ ಪ್ರವಾಸಿಗೆ ಈ ನ್ಯುಮೋನಿಯಾ ಬಂದರೂ ಆತ ಎಲ್ಲಿ ತಂಗಿದ್ದನೆಂದು ದಾಖಲಾಗುತ್ತದೆ. ಎರಡು ವರ್ಷದೊಳಗೆ ಒಂದೇ ಹೋಟೆಲಿನ ಹೆಸರು ಎರಡು ಸಲ ಬಂದರೆ ತಪಾಸಣೆ ಖಚಿತ. ಸರಿಪಡಿಸದ ಹೋಟೆಲಿನ ಹೆಸರನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ದಂಡಕ್ಕಿಂತ ಹೋಟೆಲಿನವರು ಹೆದರುವುದು ಇದಕ್ಕೆ.

ನಮ್ಮಲ್ಲಿ ಅಧಿಕಾರಿಗಳು ಎಚ್ಚೆತ್ತುಕೊಳ್ಳುವುದು ಹೆಣ ಕಂಡಾಗ. 2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿ ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಆಮೇಲಷ್ಟೇ ಜೀವರಕ್ಷಕ ಇದ್ದನೇ, ಆಳ ಎಷ್ಟೆಂಬ ಫಲಕ ಇತ್ತೇ ಎಂಬ ಪ್ರಶ್ನೆಗಳು ಬಂದವು. ಮುಳುಗಿದ ದೇಹ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶಕ್ಕಿಳಿದ ಹನಿ ಕಾಣುವುದಿಲ್ಲ, ಹಾಗಾಗಿ ಯಾವ ರೆಸಾರ್ಟಿನ ಬಾಗಿಲಿಗೂ ಅದು ಅಧಿಕಾರಿಗಳನ್ನು ಕರೆತರುವುದಿಲ್ಲ. ಈಜುಕೊಳದ ನೀರು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೊದ ಐಎಸ್ 3328 ಹೇಳುತ್ತದೆ. ಜಕೂಝಿಯನ್ನು ಪುಟ್ಟ ಈಜುಕೊಳವೆಂದು ಭಾವಿಸಿ ಅದೇ ಅಳತೆಗೆ ಬಿಡುವುದು ತಪ್ಪಾಗುತ್ತದೆ. ಈಜುಕೊಳದಲ್ಲಿ ಲೀಟರ್ ನೀರಿಗೆ ಕನಿಷ್ಠ ಒಂದು ಮಿಲಿಗ್ರಾಂ ಕ್ಲೋರಿನ್ ಇರಬೇಕೆನ್ನುವ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಿಸಿ ತೊಟ್ಟಿಗೆ ಕನಿಷ್ಠ ಮೂರು ಮಿಲಿಗ್ರಾಂ ಕೇಳುತ್ತದೆ. ಪಿಎಚ್ 7ರಿಂದ 7.8ರೊಳಗೆ.

ಮಲೆನಾಡಿನ ತೊಟ್ಟಿಗಳಿಗೆ ಇದರ ಮೇಲೆ ತಮ್ಮದೇ ಕಷ್ಟಗಳಿವೆ. ವಾರಾಂತ್ಯಕ್ಕೆ ತುಂಬಿ ತುಳುಕುವ ರೆಸಾರ್ಟು ಸೋಮವಾರದಿಂದ ಗುರುವಾರದವರೆಗೆ ಖಾಲಿ ಹೊಡೆಯುತ್ತದೆ. ಆ ನಾಲ್ಕು ದಿನ ಉಗುರುಬೆಚ್ಚಗಿನ ನೀರು ಕೊಳವೆಗಳಲ್ಲಿ ನಿಂತಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಪಂಪೂ ನಿಂತಿತು, ಫಿಲ್ಟರೂ ನಿಂತಿತು. ಕೊಳವೆಯ ಒಳಮೈಗೆ ಲೋಳೆ ಕಟ್ಟುತ್ತದೆ. ಕಲ್ಲಿನ ಮೇಲೆ ಪಾಚಿ ಹಿಡಿದಂತೆಯೇ, ಆದರೆ ಕಣ್ಣಿಗೆ ಬೀಳದ ಜಾಗದಲ್ಲಿ. ಗಡಸು ಬೋರ್‌ವೆಲ್ ನೀರಾದರೆ ಸುಣ್ಣದ ಪದರ ಕೂತು ಆ ಲೋಳೆಗೆ ಇನ್ನೂ ಗಟ್ಟಿ ಹಿಡಿತ ಸಿಗುತ್ತದೆ. ಶುಕ್ರವಾರ ಸಂಜೆ ಅತಿಥಿಗಳು ಬರುವ ಹೊತ್ತಿಗೆ ತೊಟ್ಟಿಗೆ ಹೊಸ ನೀರು ತುಂಬಿ ಗುಂಡಿ ಒತ್ತಿದರೂ ಮೊದಲು ಚಿಮ್ಮುವುದು ಕೊಳವೆಯೊಳಗಿನ ಹಳೆಯದೇ. ನೀರು ಬದಲಿಸಿದರಷ್ಟೇ ಸಾಲದು. ಕೊಳವೆ, ಫಿಲ್ಟರ್ ತೊಳೆಯಬೇಕು, ದಿನಕ್ಕೆ ಹಲವು ಸಲ ಕ್ಲೋರಿನ್ ಅಳೆದು ಬರೆದಿಡಬೇಕು. ಪೂಲ್ ನೋಡಿಕೊಳ್ಳುವ ಹುಡುಗನೇ ತೋಟಕ್ಕೆ ನೀರು ಬಿಡುವವನೂ, ಸಂಜೆ ಕ್ಯಾಂಪ್‌ಫೈರಿಗೆ ಸೌದೆ ಜೋಡಿಸುವವನೂ ಆಗಿರುವ ಕಡೆ ಇದು ನಡೆಯುತ್ತದೆಂದು ನಂಬುವುದು ಕಷ್ಟ. ತಪ್ಪು ಆ ಹುಡುಗನದ್ದಲ್ಲ. ತೊಟ್ಟಿಗೆ ಲಕ್ಷಗಟ್ಟಲೆ ಸುರಿದ ಮಾಲೀಕರು ಅವನಿಗೆ ಎರಡು ದಿನದ ತರಬೇತಿ ಕೊಡಿಸದಿದ್ದರೆ ದೂರಬೇಕಾದದ್ದು ಅವರನ್ನು.

ಪ್ರವಾಸೋದ್ಯಮ ಇಲಾಖೆ ಮತ್ತು ಆರೋಗ್ಯ ಇಲಾಖೆ ಸೇರಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಜಕೂಝಿ ಇರುವ ರೆಸಾರ್ಟು, ಹೋಮ್‌ಸ್ಟೇಗಳು ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ತೊಟ್ಟಿಯ ಪಕ್ಕದ ಗೋಡೆಯಲ್ಲಿ ಆ ದಿನದ ಕ್ಲೋರಿನ್, ಪಿಎಚ್, ಕೊನೆಯ ಸಲ ನೀರು ಬದಲಿಸಿದ ತಾರೀಖು ಬರೆದು ಸಹಿ ಹಾಕಿದ ಫಲಕ ಇರಬೇಕು. ಹೋಟೆಲ್ ಶೌಚಾಲಯದ ಬಾಗಿಲ ಹಿಂದೆ ಗಂಟೆಗೊಮ್ಮೆ ಗುಡಿಸಿದ್ದಕ್ಕೆ ಸಹಿ ಹಾಕಿಸುವವರಿಗೆ ಇದು ಭಾರವಾಗಬಾರದು.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಅತಿಥಿಯೂ ಸುಮ್ಮನಿರಬೇಕಿಲ್ಲ. ಈಜುಕೊಳದ ನೀರು ಅಳೆಯುವ ಕಾಗದದ ಪಟ್ಟಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ನೀರಿಗೆ ಅದ್ದಿ ತೆಗೆದರೆ ಕೆಲವೇ ಕ್ಷಣದಲ್ಲಿ ಬಣ್ಣ ತಿರುಗುತ್ತದೆ. ಡಬ್ಬಿಯ ಮೇಲಿನ ಬಣ್ಣದೊಂದಿಗೆ ಹೋಲಿಸಿದರೆ ಮುಗಿಯಿತು. ಅದಿಲ್ಲದಿದ್ದರೆ ನೀರಿನ ಮಟ್ಟಕ್ಕೆ ಸರಿಯಾಗಿ ತೊಟ್ಟಿಯ ಗೋಡೆಗೆ ಬೆರಳು ಒರೆಸಿ ನೋಡಬಹುದು. ಲೋಳೆ ಜಾರಿದರೆ ಅಲ್ಲಿಂದಲೇ ಹಿಂತಿರುಗುವುದು ಒಳ್ಳೆಯದು. ಗುಳ್ಳೆ ನಿಲ್ಲಿಸಿದ ಮೇಲೂ ನೊರೆ ಆರದಿದ್ದರೆ, ತಳ ಮಸುಕಾಗಿ ಕಂಡರೆ ಆಗಲೂ ಅಷ್ಟೇ. ಇಳಿಯುವ ಮುನ್ನ ಮೈ ತೊಳೆಯುವುದು, ತಲೆ ಮುಳುಗಿಸದಿರುವುದು, ಕಾಲು ಗಂಟೆಗೆ ಏಳುವುದು, ಒದ್ದೆ ಬಟ್ಟೆಯಲ್ಲಿ ತಿರುಗಾಡದೆ ಸೋಪು ಹಚ್ಚಿ ಸ್ನಾನ ಮಾಡುವುದು, ಇವಕ್ಕೆ ಖರ್ಚೇನೂ ಇಲ್ಲ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಶ್ವಾಸಕೋಶದ ಹಳೆಯ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ದೂರವೇ ಉಳಿಯುವುದು ಜಾಣತನ. ಐದು ವರ್ಷದೊಳಗಿನ ಮಕ್ಕಳನ್ನಂತೂ ಇಳಿಸಲೇಬಾರದು. ಗರ್ಭಿಣಿಯರಿಗೆ ಸೋಂಕಿಗಿಂತ ಮೊದಲು ಆ ಬಿಸಿಯೇ ಒಳ್ಳೆಯದಲ್ಲ.

ಪ್ರವಾಸ ಮುಗಿಸಿ ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು, ಉಸಿರುಕಟ್ಟುವುದು ಶುರುವಾದರೆ ವೈದ್ಯರು ಕೇಳದಿದ್ದರೂ ‘ಜಕೂಝಿಗೆ ಇಳಿದಿದ್ದೆವು’ ಎಂದು ಹೇಳಬೇಕು. ನ್ಯುಮೋನಿಯಾಕ್ಕೆ ಕೊಡುವ ಅಮಾಕ್ಸಿಸಿಲಿನ್ ಬಗೆಯ ಔಷಧಗಳು ಜೀವಕೋಶದ ಒಳಗೆ ಅಡಗಿ ಕೂರುವ ಲೀಜನೆಲ್ಲಾವನ್ನು ಮುಟ್ಟುವುದಿಲ್ಲ. ಅಜಿಥ್ರೊಮೈಸಿನ್, ಲಿವೊಫ್ಲಾಕ್ಸಸಿನ್‌ನಂಥವು ಬೇಕು. ಗುರುತಿಸಲು ಮೂತ್ರದ ಪರೀಕ್ಷೆಯೊಂದಿದೆ, ಯಾರಾದರೂ ಬರೆದುಕೊಟ್ಟರೆ ಮಾತ್ರ ಅದನ್ನು ಮಾಡುತ್ತಾರೆ. ಈ ನ್ಯುಮೋನಿಯಾ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ. ಒಬ್ಬರಿಂದೊಬ್ಬರಿಗೆ ಸಾಮಾನ್ಯವಾಗಿ ಹರಡುವುದಿಲ್ಲವಾದ್ದರಿಂದ, ಒಟ್ಟಿಗೆ ಹೋಗಿದ್ದ ಇಬ್ಬರಿಗೆ ಒಟ್ಟಿಗೇ ಬಂದರೆ ಅನುಮಾನ ನೀರಿನ ಕಡೆಗೇ ತಿರುಗಬೇಕು.

ಮುಂದಿನ ಸಲ ರೂಮು ಕಾದಿರಿಸುವಾಗ ಬೆಟ್ಟ ಕಾಣುತ್ತದೆಯೇ, ತಿಂಡಿ ಸೇರಿದೆಯೇ ಎಂದು ಕೇಳುವ ಜೊತೆಗೆ ಇನ್ನೊಂದನ್ನೂ ಕೇಳಿ: ಜಕೂಝಿಯ ನೀರು ಬದಲಿಸಿದ್ದು ಯಾವಾಗ, ಕ್ಲೋರಿನ್ ಬರೆದಿಡುವ ಪುಸ್ತಕ ತೋರಿಸುತ್ತೀರಾ? ಆ ಕಡೆಯವರು ತಡವರಿಸಿದರೆ ತೊಟ್ಟಿಯ ಆಸೆ ಬಿಡಿ. ರೂಮಿನ ಬಚ್ಚಲಲ್ಲಿ ಗೀಸರ್ ಇರುತ್ತದೆ, ಬಕೆಟ್ಟೂ ಚೊಂಬೂ ಇರುತ್ತವೆ.